ಅರ್ಧ ಹಿಮಾಲಯ, ಅರ್ಧ ಚಹಾದಂಗಡಿ

ಒಂದಿಡೀ ತಂಡವನ್ನು ಪರದೇಶಕ್ಕೆ ಕರೆದೊಯ್ದು, ಅರ್ಧದಷ್ಟು ಮಂದಿಗೆ ಮಾತ್ರ ಅದನ್ನು ತೋರಿಸಿಕೊಂಡು ಬಂದ ಮಾಸ್ತರರು ಜಗತ್ತಿನಲ್ಲಿ ನಮ್ಮ ಕಾಕಾ ಒಬ್ಬರೇ! ನಂಬುವುದಿಲ್ಲವೇ? ನಾನು ಆ ಇನ್ನರ್ಧದಲ್ಲಿದ್ದವಳು.

ಕಾಕಾ ನಮ್ಮ ಅಪ್ಪನ ತಮ್ಮ. ವಿಜಾಪುರದ ಕಡೆಯಿಂದ ಪುಣೆಗೆ ಬಂದು ನಮ್ಮ ಶಾಲೆಯಲ್ಲೇ ಆಟದ ಮಾಸ್ತರರಾಗಿದ್ದರು. ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಮರಾಠಿ, ಸಿಟ್ಟು ಬಂದರೆ ಸೀಟಿ. ಅವರ ಕೋಣೆಯಲ್ಲೊಂದು ಓಬೀರಾಯನ ಕಾಲದ ಕ್ಯಾಲೆಂಡರ್: ಹಿಮಾಲಯ, ಮುಂದೆ ನೀಲಿ ಕೆರೆ, ದಂಡೆಯಲ್ಲೊಂದು ಜಿಂಕೆ. "ಸಾಯೂದ್ರಾಗ ಒಮ್ಮೆ ಇದನ್ನ ಕಣ್ಣಾರೆ ನೋಡಬೇಕು" ಎಂಬುದು ದಿನಾ ಬೆಳಗಿನ ಜಪ.

ಎಂಬತ್ತರ ದಶಕದಲ್ಲಿ ಒಮ್ಮೆ ಕಾಠ್ಮಂಡುವಿನ ಶಾಲೆಯೊಂದು ನಮ್ಮ ಹುಡುಗಿಯರ ಖೋ-ಖೋ ತಂಡವನ್ನು ಆಡಲು ಕರೆಯಿತು. ಕಾಕಾ ಕುಣಿಯುವುದೊಂದು ಬಾಕಿ! ಆದರೆ ಹಿಂದಿನ ವರ್ಷವಷ್ಟೇ ಅವರು ಕಾತ್ರಜದಲ್ಲಿ ಒಬ್ಬ ಹುಡುಗಿಯನ್ನು ಕುಲ್ಫಿ ಗಾಡಿಯ ಹತ್ತಿರ ಮರೆತು ಬಂದಿದ್ದರು. ಊರಂಚಿನಲ್ಲೇ ಹುಡುಗಿ ಕಳೆದವರನ್ನು ಪರದೇಶಕ್ಕೆ ನಂಬಿ ಕಳಿಸುವುದು ಹೇಗೆ ಎಂದು ತಾಯಂದಿರು ಮುತ್ತಿಗೆ ಹಾಕಿದರು. ಒಬ್ಬಳೂ ಕದಲದ ಹಾಗೆ ಕಾಯುತ್ತೇನೆಂದು ಕಾಕಾ ಆಣೆ ಮಾಡಿದರು.

ಹೇಗೆ ಕಾದರು ಗೊತ್ತೇ? ಖೋ-ಖೋದಲ್ಲಿ ಬೆನ್ನಟ್ಟುವ ತಂಡ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತದೆ. ಒಬ್ಬಳ ಮುಖ ಈ ಕಡೆ, ಪಕ್ಕದವಳದು ಆ ಕಡೆ. ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಅನ್ನುವವರೆಗೆ ಏಳುವಂತಿಲ್ಲ. ಕಾಠ್ಮಂಡುವಿನ ಪ್ರತಿ ಗುಡಿಯ ಮುಂದೆಯೂ ಕಾಕಾ ನಮ್ಮನ್ನು ಹಾಗೇ ಕೂರಿಸಿದರು! ಅರ್ಧ ತಂಡಕ್ಕೆ ಗುಡಿಯ ಶಿಖರ, ಇನ್ನರ್ಧಕ್ಕೆ ಚಪ್ಪಲಿ ರಾಶಿ.

"ಕಾಕಾ, ತಿರುಗಿ ಕೂಡ್ಲೇನ್ರಿ?"

"ಫೌಲ್!"

ಒಂದು ಚೌಕದಲ್ಲಿ ಧರಣಿಯೆಂದು ಭಾವಿಸಿ ಪೊಲೀಸನೊಬ್ಬ ಓಡಿ ಬಂದ. "ಕ್ಯಾ ಮಾಂಗ್ ಹೈ?" ಎಂದು ನಮ್ಮ ಬೇಡಿಕೆ ಕೇಳಿದ.

"ಕುಛ್ ನಹೀ ಸಾಹೇಬ, ಲಡ್ಕೀ ಲೋಗ್ ದೇವಳ ದೇಖ್ತಾ ಹೈ!" ಎಂದರು ಕಾಕಾ, ತಮ್ಮದೇ ಹಿಂದಿಯಲ್ಲಿ.

ಚಪ್ಪಲಿ ದಿಟ್ಟಿಸುತ್ತಿದ್ದ ನಮ್ಮನ್ನು ನೋಡಿ ಪೊಲೀಸ ತಲೆ ಕೆರೆದುಕೊಂಡು ಹೋದ.

ಪಂದ್ಯವನ್ನೇನೋ ಗೆದ್ದೆವು. ಗೆಲ್ಲದೆ ಏನು? ಊರನ್ನೆಲ್ಲ ಕುಕ್ಕರಗಾಲಲ್ಲೇ ನೋಡಿ ತೊಡೆಗಳು ಕಬ್ಬಿಣವಾಗಿದ್ದವು! ಸೋತ ಹುಡುಗಿಯರು ಅಭ್ಯಾಸದ ಗುಟ್ಟು ಕೇಳಿದಾಗ "ದೇವರ ದರ್ಶನ" ಎಂದೆವು.

ಕೊನೆಯ ಬೆಳಗ್ಗೆ ಹಿಮಾಲಯ ಕಾಣುವ ಗುಡ್ಡಕ್ಕೆ ಹೋದೆವು. ಎದುರಿಗೆ ಬರೀ ಮಂಜು. ಕಾಕಾ ಬೆಳಗಿನ ಜಾವವೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಬೀಗರ ಮನೆಗೆ ಹೊರಟವರಂತೆ. ಯಥಾಪ್ರಕಾರ ಸಾಲು, ಯಥಾಪ್ರಕಾರ ನನ್ನ ಮುಖ ಚಹಾದಂಗಡಿಗೆ. ಇದ್ದಕ್ಕಿದ್ದಂತೆ ಆಚೆ ಮುಖದ ಹುಡುಗಿಯರು ಕಿರುಚಿದರು. ಮಂಜು ಸರಿದಿತ್ತು!

ಕಾಕಾ ಬೆಟ್ಟದತ್ತ ತಿರುಗಲಿಲ್ಲ. ನಮ್ಮ ಕಡೆ ಓಡಿ ಬಂದರು. "ಖೋ! ಖೋ! ಏಳ್ರೇ, ಲಗೂನ ನೋಡ್ರಿ!" ಎಂದು ಚಹಾದಂಗಡಿ ಮುಖದ ಒಬ್ಬೊಬ್ಬಳ ಬೆನ್ನೂ ಮುಟ್ಟಿದರು. ಎಲ್ಲರೂ ಹಿಂದೆ ತಿರುಗಿ ಓಡಿದೆವು, ಒಬ್ಬಳ ಹೊರತು. ಖೋ ಸಿಕ್ಕವಳು ತನ್ನ ಮುಖವಿದ್ದ ಕಡೆಗೇ ಓಡಬೇಕೆಂಬ ನಿಯಮವನ್ನು ಪಾಲಿಸಿದವಳು ಕಾತ್ರಜದ ಕುಲ್ಫಿ ಹುಡುಗಿ! ಅಂಗಡಿಯಲ್ಲಿ ಜಿಲೇಬಿ ಕರಿಯುತ್ತಿದ್ದರು. ಕಾಕಾ ಎದ್ದೆನೋ ಬಿದ್ದೆನೋ ಎಂದು ಅವಳ ಹಿಂದೆ ಓಡಿದರು. ನಾನು ಬಾಯಿ ತೆರೆದು ನೋಡಿದೆ. ಬಿಸಿಲು ಬಿದ್ದ ಬೆಟ್ಟ ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

ಅವಳ ರಟ್ಟೆ ಹಿಡಿದು ಕಾಕಾ ಮರಳುವಷ್ಟರಲ್ಲಿ ಮತ್ತೆ ಮಂಜು.

"ಬಯ್ಯೂದಿಲ್ಲೇನ್ರಿ ಅಕಿಗೆ?" ಎಂದೆ, ಸಿಟ್ಟಿನಿಂದ.

"ಆಟದ ಪ್ರಕಾರ ಅಕೀದ ಸರಿ ಅದ. ನಡೀರಿ, ಬಸ್ ಹೊಂಡ್ತದ."

ಪುಣೆಗೆ ಬಂದ ದಿನ ಕಾಕಾನ ಹೆಂಡತಿ, ನಮ್ಮ ಕಾಕೂ, ಬಾಗಿಲಲ್ಲೇ ಕೇಳಿದರು: "ಹೆಂಗಿತ್ರೀ ನಿಮ್ಮ ಹಿಮಾಲಯ?"

ಕಾಕಾ ಚಪ್ಪಲಿ ಬಿಡುತ್ತಾ ನನ್ನತ್ತ ನೋಡಲಿಲ್ಲ. "ಭಾಳ ಚಂದ ಇತ್ತು. ಮುಂದ ನೀಲಿ ಕೆರಿ ಇತ್ತು. ದಂಡಿ ಮ್ಯಾಲೆ ಒಂದು ಜಿಂಕಿ ನಿಂತಿತ್ತು."

ಕಾಕೂ ನನ್ನ ಮುಖ ನೋಡಿದರು. "ಹೌದ್ರಿ ಕಾಕೂ," ಎಂದೆ, "ಜಿಂಕಿ ನಾನೂ ನೋಡಿದೆ."