ಗೇಲಿನಂಟರ ಕೈಗೆ ಸಿಕ್ಕ ಎದೆ

ತಾಪತ್ರಯಕ್ಕೆಲ್ಲ ಮೂಲ ಬಾಗಿಲ ಮೇಲಿನ ಹೆಸರು. ಡಕಾರಿನ ಆ ಆಸ್ಪತ್ರೆಯಲ್ಲಿ ತಾಳ ತಪ್ಪಿದ ಎದೆಗಳನ್ನು ನೋಡುವ ಕೋಣೆಯ ಮುಂದೆ ‘ಡಾ. ಕುಂಬಾ ಬಲ್ದೆ’ ಎಂದಿದ್ದುದನ್ನು ಓದಿದ್ದೇ ಲತಿರ್ ಫಾಯ್‌ಗೆ ನಗು ಉಕ್ಕಿತು. ಬಲ್ದೆ ಎಂದರೆ ದನ ಮೇಯಿಸುವ ಫುಲಾನಿ, ಇವನು ಸಜ್ಜೆ ಬೆಳೆಯುವ ಸೆರೇರ್. ಎರಡು ಕುಲದವರೂ ಮುತ್ತಾತಂದಿರ ಕಾಲದಿಂದ ಗೇಲಿನಂಟರು. ಎದುರಾದರೆ ಹಂಗಿಸಲೇಬೇಕು, ಹಂಗಿಸಿಕೊಂಡವರು ಮುನಿಯುವಂತಿಲ್ಲ, ಹೇಳಿದ್ದನ್ನು ನಂಬುವಂತೆಯೂ ಇಲ್ಲ.

ಲತಿರ್ ಸಂತೆಬೀದಿಯಲ್ಲಿ ಹಾಸಿಗೆ ಮಾರುವವನು. ಗಿರಾಕಿಯೊಡನೆ ಮಾತಾಡುತ್ತಿದ್ದಂತೆಯೇ ಬೀದಿಯ ಗದ್ದಲ ದೂರವಾಗಿ, ಕಣ್ಣು ಮಂಜಾಗಿ, ಎಲ್ಲಿಂದಲೋ ಒಂದು ದೋಣಿ ಬರುತ್ತಿತ್ತು. ಅವನನ್ನು ಹತ್ತಿಸಿಕೊಂಡು ಹುಟ್ಟೂರಿನ ಹಿನ್ನೀರಿನಲ್ಲಿ, ಕಾಂಡ್ಲಾ ಮರಗಳ ನೆರಳಲ್ಲಿ, ಸದ್ದಿಲ್ಲದೆ ತೇಲುತ್ತಿತ್ತು. ಎಚ್ಚರವಾದಾಗ ಮಾರುವ ಹಾಸಿಗೆಯ ಮೇಲೆಯೇ ಬಿದ್ದಿರುತ್ತಿದ್ದ. ಹಾಸಿಗೆ ಅಷ್ಟು ಮೆತ್ತಗಿದೆಯೆಂದು ಜನ ಕೊಂಡುಹೋಗುತ್ತಿದ್ದರು. ಹೆಂಡತಿ ಸಿಗಾ ಮಾತ್ರ ಹೆದರಿ ಆಸ್ಪತ್ರೆಗೆ ಎಳೆತಂದಿದ್ದಳು. ನಿನ್ನೆ ಎದೆಗೆ ತಂತಿ ಅಂಟಿಸಿ, ಸೊಂಟಕ್ಕೊಂದು ಪುಟ್ಟ ಯಂತ್ರ ಕಟ್ಟಿ ಕಳಿಸಿದ್ದರು. ಇವತ್ತು ಅದರ ತೀರ್ಪು.

“ನಿಮ್ಮ ಹೃದಯ ಆಗಾಗ ನಿಂತೇ ಹೋಗ್ತಿದೆ ಫಾಯ್,” ಎಂದರು ಡಾಕ್ಟರಮ್ಮ. “ನಿಮಗೆ ಬರೋದು ತೂಕಡಿಕೆ ಅಲ್ಲ, ಪ್ರಜ್ಞೆ ತಪ್ತಿದೆ. ಇವತ್ತೇ ಪೇಸ್‌ಮೇಕರ್ ಇಡ್ಬೇಕು. ತಡ ಮಾಡಿದ್ರೆ ನಿಂತಿದ್ದು ಮತ್ತೆ ಹೊರಡೋದೇ ಇಲ್ಲ.”

“ನಿಮ್ಮ ಹಸು ಹಾಲು ಕರೆಯೋದನ್ನ ನೋಡ್ತಾ ನಿಂತಿರ್ಬೇಕು ಬಿಡಮ್ಮ.”

ಡಾಕ್ಟರಮ್ಮ ಹಲ್ಲು ಕಚ್ಚಿ ಸುಮ್ಮನಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ರಕ್ತ ಕೇಳಬೇಕಲ್ಲ. “ಸಜ್ಜೆಮೂಟೇಲೂ ಒಂದು ಹೃದಯ ಇದೆ ಅಂತ ಕಂಡುಹಿಡಿದಿದ್ದೇ ನಮ್ಮ ಯಂತ್ರದ ದೊಡ್ಡಸ್ತಿಕೆ,” ಎಂದುಬಿಟ್ಟರು. ಅಲ್ಲಿಂದಾಚೆ ಅವರು ಅಳುತ್ತ ಹೇಳಿದರೂ ಲತಿರ್ ನಗುತ್ತಲೇ ಕೇಳಿದ.

ತಿಳಿಹೇಳಲು ನರ್ಸ್ ಬಾಜಿಯನ್ನು ಕರೆದರು. ಆತ ಜೋಲಾ ಕುಲದವನು. ಸೆರೇರರಿಗೆ ಅವರೂ ಗೇಲಿನಂಟರೇ. ತಂತಿ ಅಂಟಿಸಿದವನು ಫುಲಾನಿ. ಇಡೀ ವಾರ್ಡು ಮದುವೆಮನೆಯಾಯಿತು. ಈ ಗದ್ದಲದ ನಡುವೆಯೇ ದೋಣಿ ಬಂದು, ಲತಿರನನ್ನು ಒಂದು ಸುತ್ತು ತೇಲಿಸಿ, ನೆಲದ ಮೇಲೆ ಇಳಿಸಿ ಹೋಯಿತು.

“ನೋಡಿದ್ರಾ, ಈಗ್ಲೂ ನಿಂತಿತ್ತು,” ಎಂದರು ಡಾಕ್ಟರಮ್ಮ, ಬೆವರೊರೆಸಿಕೊಂಡು.

“ಫುಲಾನಿ ಮಾತು ಕೇಳ್ತಾ ಇದ್ರೆ ಯಾರಿಗೆ ನಿದ್ದೆ ಬರಲ್ಲ ಹೇಳಿ,” ಎಂದ ಲತಿರ್, ಮಲಗಿದಲ್ಲಿಂದಲೇ.

ಸಿಗಾಳಿಗೆ ಅಳು ಬಂತು. ನೆಂಟಸ್ತಿಕೆ ಇಲ್ಲದವರು ಈ ಆಸ್ಪತ್ರೆಯಲ್ಲಿ ಒಬ್ಬರಾದರೂ ಇಲ್ಲವೇ ಎಂದು ಕೇಳಿದಳು. ಹುಡುಕಿ ಹುಡುಕಿ, ಮಕ್ಕಳ ವಾರ್ಡಿನಿಂದ ಡಾಕ್ಟರ್ ಸಿಸೆಯವರನ್ನು ಕರೆತಂದರು. ಹುಣಸೆಹಣ್ಣು ಕಚ್ಚಿದಂಥ ಮುಖ. ಕಾಗದ ನೋಡಿ ಅವರು ಹೇಳಿದ್ದೂ ಅದೇ ಮಾತು. ಲತಿರನ ನಗು ಬಿಸಿಲಿಗಿಟ್ಟ ಮೀನಿನಂತೆ ಒಣಗಿತು. ತಾನಾಗಿಯೇ ಅಂಗಿ ಬಿಚ್ಚಿದ. ಮಧ್ಯಾಹ್ನದೊಳಗೆ ಯಂತ್ರ ಎದೆ ಸೇರಿತು.

ಸಂಜೆ ಸಿಸೆ ನೋಡಲು ಬಂದರು. ಹಿಂದೆಯೇ ಡಾಕ್ಟರಮ್ಮ. ಲತಿರ್ ಸಿಸೆಯವರ ಕೈ ಹಿಡಿದುಕೊಂಡ. “ನೀವು ಹೇಳಿದ್ದಕ್ಕೆ ನಂಬಿದೆ ಡಾಕ್ಟ್ರೇ. ಈ ಹಾಲುಕುಡುಕರ ಮಾತಿಗೆಲ್ಲ ಎದೆ ಕೊಯ್ಸಿಕೊಳ್ಳೋ ಆಸಾಮಿ ಅಲ್ಲ ನಾನು.”

ಹುಣಸೆಮುಖ ಮೆಲ್ಲಗೆ ಬಿರಿಯಿತು. “ನಮ್ಮಮ್ಮ ಬಲ್ದೆ ಮನೆಯವಳು ಕಣಯ್ಯ. ಈ ಕುಂಬಾ ನನ್ನ ಸೋದರಮಾವನ ಮಗಳು. ಬೆಳಿಗ್ಗೆಯಿಂದ ನಗು ತಡ್ಕೊಂಡು ತಡ್ಕೊಂಡು ಹೊಟ್ಟೆ ನೋವು ಬಂದಿದೆ.”

ವಾರ್ಡು ಬಿದ್ದು ಬಿದ್ದು ನಕ್ಕಿತು. ಸಿಗಾ ಕೂಡ. ಲತಿರನ ಕೈ ಎದೆಯ ಪಟ್ಟಿಯ ಮೇಲೆ ಹೋಯಿತು. ಹಾಗಾದರೆ ಕಾಯಿಲೆ ನಿಜವೋ, ಗೇಲಿಯೋ? ಕೇಳೋಣವೆಂದರೆ ಸುತ್ತ ನಿಂತವರೆಲ್ಲ ನೆಂಟರೇ. ನಂಬಬಹುದಾದ ಬಾಯಿ ಒಂದೂ ಇಲ್ಲ.

ಇಂಥ ಹೊತ್ತಿಗೆ ದೋಣಿ ತಪ್ಪದೆ ಬರುತ್ತಿತ್ತು. ಕಣ್ಣು ಮುಚ್ಚಿ ಕಾದ. ಹಿನ್ನೀರು ಕಂಡಿತು, ಕಾಂಡ್ಲಾದ ನೆರಳೂ ಕಂಡಿತು. ಎದೆಯೊಳಗೆ ಒಂದೂ ಏಟು ತಪ್ಪದೆ ಟಕ್ ಟಕ್ ಎನ್ನುತ್ತಲೇ ಇತ್ತು. ದೋಣಿ ಬರಲಿಲ್ಲ.

ದಡದಲ್ಲೇ ಕೂತು, ಪೂರಾ ಎಚ್ಚರದಿಂದ, ಲತಿರ್ ಫಾಯ್ ಅಷ್ಟೂ ಗೇಲಿಯನ್ನು ಕೊನೆಯವರೆಗೂ ಕೇಳಿಸಿಕೊಂಡ.