ಏಳನೇ ಹೆಸರಿನ ಕೆಳಗಿನ ಖಾಲಿ ಸಾಲು

ಒಂದಕ್ಷರವೂ ಇಲ್ಲದ ಸಾಲು ಮನುಷ್ಯನಿಗೆ ಏನು ತಾನೇ ಮಾಡೀತು ಅನ್ನಬೇಡಿ. ನಮ್ಮ ಟೈಪಿಸ್ಟನನ್ನು ಕೇಳಿ ನೋಡಿ.

ನೆಲಮಾಳಿಗೆಯ ತೇವದಲ್ಲಿ ಹನ್ನೊಂದು ವರ್ಷ ಕೂತು, ಸೀನಿ ಸೀನಿ, ಆತ ಆಫೀಸಿಗೆಲ್ಲ ಸೀನಪ್ಪನಾಗಿದ್ದ. "ಇನ್ನೊಂದು ರಾತ್ರಿ ಹೀಗೇ ಸೀನಿದ್ರೆ ಹಾಸಿಗೆ ಎತ್ಕೊಂಡು ಆಚೆ ಹೋಗಿ" ಎಂದು ಹೆಂಡತಿ ಬೆಳಿಗ್ಗೆ ತಾನೇ ಗದರಿದ್ದಳು. ಪಾಪ, ಇವತ್ತು ದೇವರು ಕಣ್ಣು ಬಿಟ್ಟಿದ್ದ. ಮ್ಯಾನೇಜರ್ ಕೊಟ್ಟ ನೋಟಿಸಿನಲ್ಲಿ ಮೊದಲ ಗುಂಪಿನ ಏಳು ಜನಕ್ಕೆ ಕಿಟಕಿಗಳಿರುವ ಮೇಲಿನ ಹಾಲ್, ಎರಡನೇ ಗುಂಪಿನ ಏಳು ಜನಕ್ಕೆ ನೆಲಮಾಳಿಗೆ. ಹೆಸರುಗಳೆಲ್ಲ ಒಂದೇ ಪಟ್ಟಿ; ಗುಂಪು ಬೇರೆ ಮಾಡುವುದು ನಡುವಿನ ಒಂದು ಖಾಲಿ ಸಾಲು ಮಾತ್ರ. ಸೀನಪ್ಪ ಏಳನೆಯವನು!

ಆದರೆ ಮ್ಯಾನೇಜರರ ಪೀಠಿಕೆಯೇ ಮುಕ್ಕಾಲು ಪುಟ ನುಂಗಿ, ಅವರ ಸಹಿಯ ಸಾಲು ಎರಡನೇ ಹಾಳೆಗೆ ಜಾರಿತ್ತು. "ನೋಟಿಸ್ ಅಂದ್ರೆ ಒಂದೇ ಹಾಳೆ. ಎರಡಾದ್ರೆ ನಾನು ಸಹಿ ಹಾಕಲ್ಲ" ಎಂದು ಅವರು ಮೊದಲೇ ಹೇಳಿದ್ದರು.

"ಆ ಖಾಲಿ ಸಾಲು ಯಾಕ್ರೀ ಸುಮ್ನೆ? ತೆಗೀರಿ ಅದನ್ನ" ಎಂದ ಸ್ಟೋರ್‌ಕೀಪರ್, ಹಿಂದಿನಿಂದ ಇಣುಕಿ. ಅವನ ಹೆಸರು ಎಂಟನೆಯದು ಎಂಬುದು ಸೀನಪ್ಪನ ತಲೆಗೆ ಹೋಗಲಿಲ್ಲ.

ತನ್ನ ಹೆಸರಿನ ಕೊನೆಗೆ ಕರ್ಸರ್ ಇಟ್ಟು ಡಿಲೀಟ್ ಒತ್ತುವಷ್ಟರಲ್ಲಿ, "ಆಕ್ಷೀ!" ಬೆರಳು ಎರಡು ಸಲ ಬಿತ್ತು. ಖಾಲಿ ಸಾಲೂ ಹೋಯಿತು, ಸ್ಟೋರ್‌ಕೀಪರ್ ಪರದೆಯ ಮೇಲೆ ಬಂದು ಸೀನಪ್ಪನ ಹೆಸರಿಗೇ ಅಂಟಿಕೊಂಡ.

"ಅಯ್ಯೋ, ಇಬ್ರಿಗೂ ಒಂದೇ ಕುರ್ಚಿ!" ಎಂದು ನಕ್ಕರು ಟಪಾಲು ಮೇಡಂ. "ಬ್ಯಾಕ್‌ಸ್ಪೇಸ್ ಒತ್ತಿ."

ಒತ್ತಿದ. ಸ್ವಂತ ಹೆಸರಿನ ಬಾಲ ಹೋಯಿತು. ಮತ್ತೆ ಒತ್ತಿದ. ಸೊಂಟವೂ ಹೋಯಿತು.

"ಎಂಟರ್ ಒತ್ರೀ ಸ್ವಾಮಿ!" ಎಂದ ಸ್ಟೋರ್‌ಕೀಪರ್. ಗಾಬರಿಯಲ್ಲಿ ಎರಡು ಸಲ ಒತ್ತಿದ. ಖಾಲಿ ಸಾಲು ವಾಪಸ್ ಬಂತು, ಸಹಿ ಮತ್ತೆ ಎರಡನೇ ಹಾಳೆಗೆ ಓಡಿತು. ಅಂತೂ ಇಂತೂ ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೆಸರೂ ನೆಟ್ಟಗಾಗಿ, ಖಾಲಿ ಸಾಲು ತೊಲಗಿ, ನೋಟಿಸು ಒಂದೇ ಹಾಳೆಗೆ ಕೂತಿತು.

ಪ್ರಿಂಟ್ ಬಂದದ್ದೇ ಸ್ಟೋರ್‌ಕೀಪರ್ ಕಿತ್ತುಕೊಂಡ. "ನೋಡ್ರಪ್ಪಾ, ಗುಂಪು ಒಂದೇ! ಎಲ್ರೂ ಮೇಲಕ್ಕೆ!" ಎರಡನೇ ಗುಂಪಿನ ಏಳೂ ಜನ ಕುರ್ಚಿ ಹೊತ್ತು ಮೆಟ್ಟಿಲು ಹತ್ತತೊಡಗಿದರು. ಗದ್ದಲಕ್ಕೆ ಮ್ಯಾನೇಜರ್ ಓಡಿ ಬಂದರು.

"ಎರಡನೇ ಗುಂಪು ಎಲ್ರೀ?"

"ಸಾರ್, ಒಂದೇ ಹಾಳೆ ಅಂದಿದ್ರಲ್ಲ, ಅದಕ್ಕೇ..."

"ಏಳ್ರೀ ಮೇಲೆ! ಒಂದು ಖಾಲಿ ಸಾಲು ಹಾಕೋಕೂ ನಾನೇ ಬರಬೇಕಾ?" ತಾವೇ ಕೂತರು, ಎಂಟರ್ ಕುಟ್ಟಿದರು, ಪ್ರಿಂಟ್ ತೆಗೆದು ಸಹಿ ಜಡಿದು, ಬೋರ್ಡಿಗೆ ಪಿನ್ ಚುಚ್ಚಿಯೇ ಬಿಟ್ಟರು.

ಸೀನಪ್ಪ ಬೆರಳಿಟ್ಟು ಎಣಿಸಿದ. ಆರು ಹೆಸರು. ಆಮೇಲೆ ಖಾಲಿ ಸಾಲು. ಅದರ ಕೆಳಗೆ ಮೊದಲನೆಯವನು ತಾನೇ.

"ಸಾರ್, ಎಂಟರ್ ಒಂದು ಸಾಲು ಮೇಲೆ ಬಿದ್ದಿದೆ!"

"ಸಹಿ ಆಯ್ತಲ್ರೀ, ಮುಗೀತು."

ಸೀನಪ್ಪ ಕೊನೇ ಅಸ್ತ್ರ ತೆಗೆದ. "ಆ ಸಹಿ ಎರಡನೇ ಹಾಳೇಲಿದೆ ಸಾರ್! ಎರಡಾದ್ರೆ ಸಹಿ ಹಾಕಲ್ಲ ಅಂದಿದ್ರಿ!"

ಮ್ಯಾನೇಜರ್ ಎರಡೂ ಹಾಳೆ ನೋಡಿದರು. "ಆದ್ರೆ ಆಗ್ಲಿ ಬಿಡ್ರೀ. ಒಂದು ಹಾಳೆಗೋಸ್ಕರ ಯಾರಾದ್ರೂ ಇಷ್ಟು ತಲೆ ಕೆಡಿಸ್ಕೊತಾರಾ?"

ಸ್ಟೋರ್‌ಕೀಪರ್ ನಿಟ್ಟುಸಿರು ಬಿಟ್ಟು ತನ್ನ ಕುರ್ಚಿ ಎತ್ತಿಕೊಂಡ. "ಬನ್ನಿ ಸೀನಪ್ನೋರೇ, ಇಳಿಯೋಣ. ಪಟ್ಟೀಲೂ ಪಕ್ಕ, ಮೇಜೂ ಪಕ್ಕ."

ಅವನಿಗೆ ಸರಿಯಾಗಿ ಬೈಯಬೇಕೆಂದು ಸೀನಪ್ಪ ಬಾಯಿ ತೆರೆದ. "ಆಕ್ಷೀ!"