ಎಡಗಡೆಯದು ಕೀಳಿ

ಹತ್ತಿ ಸಾಹೇಬರು ಆ ಬೆಳಿಗ್ಗೆ ಮಾಡಿದ ತಪ್ಪು ಇಷ್ಟೇ: ಬೀರುವಿನ ಬಾಗಿಲು ಪೂರ್ತಿ ತೆರೆಯಲಿ ಎಂದು ಕಂಪ್ಯೂಟರ್ ಸರ್ವರನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು.

ಸರಿಸಿದ್ದಾದರೂ ಮೆತ್ತಗೇ, ಮಲಗಿರುವ ಮಗುವಿನ ತೊಟ್ಟಿಲು ಸರಿಸುವ ಹಾಗೆ. ಆದರೂ ಆ ಹಳೇ ಕಬ್ಬಿಣದ ಡಬ್ಬ ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟು, ಫ್ಯಾನುಗಳನ್ನೆಲ್ಲ ನಿಲ್ಲಿಸಿ, ಮುಂದಿನ ಹಸಿರು ದೀಪ ಆರಿಸಿಕೊಂಡು ಸುಮ್ಮನಾಯಿತು.

"ಹೋಯ್ತಾ?" ಎಂದು ಸಾಹೇಬರು ತಮ್ಮನ್ನೇ ಕೇಳಿಕೊಂಡರು. ಹೋಗಿತ್ತು.

ಸಾಹೇಬರ ಕೆಲಸ ಹಲ್ಲಿನ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವುದು. ಹತ್ತಿ, ಕೈಗವಸು, ಸೂಜಿ, ಬಾಯಿ ಮುಕ್ಕಳಿಸುವ ಕಾಗದದ ಲೋಟ, ಇವು ಅವರ ಸಾಮ್ರಾಜ್ಯ. ಯಾರಾದರೂ ಹತ್ತಿ ಕೇಳಿದರೆ ತಮ್ಮ ತಲೆದಿಂಬಿನಿಂದಲೇ ಕಿತ್ತು ಕೊಡುವವರಂತೆ ಮುಖ ಮಾಡುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಕಂಪ್ಯೂಟರ್ ಅವರು ಕಲಿತವರಲ್ಲ. ಆಸ್ಪತ್ರೆಯಲ್ಲಿ ಬೀಗವಿದ್ದ ಖಾಲಿ ಮೂಲೆ ಉಗ್ರಾಣದಲ್ಲಿ ಮಾತ್ರ ಇದ್ದುದರಿಂದ, ರೋಗಿಗಳ ಹಲ್ಲಿನ ಎಕ್ಸ್‌ರೇ ಫೋಟೋಗಳನ್ನೆಲ್ಲ ಇಟ್ಟುಕೊಳ್ಳುವ ಸರ್ವರನ್ನು ಅಲ್ಲಿ ತಂದಿಟ್ಟಿದ್ದರು. ರಿಪೇರಿಯವನು ಬಂದಾಗಲೆಲ್ಲ ಟಾರ್ಚು ಹಿಡಿದು ನಿಂತು ನಿಂತು ಸಾಹೇಬರಿಗೆ ಅರ್ಧಂಬರ್ಧ ವಿದ್ಯೆ ಅಂಟಿಕೊಂಡಿತ್ತು. ಆಮೇಲೆ ರಿಪೇರಿಯವನು ಬರುವುದೇ ನಿಂತುಹೋಯಿತು. ಸರ್ವರ್ ಸರ್ವರಿಗೂ ಸೇರಿದ್ದು. ಕೆಟ್ಟಾಗ ಮಾತ್ರ ಸಾಹೇಬರದು.

ಅವರು ಹಿಂದಿನ ಪ್ಲಗ್ಗನ್ನು ಒತ್ತಿ ಕೂರಿಸಿ ಗುಂಡಿ ಅದುಮಿದರು. ಯಂತ್ರ ವಿಮಾನ ಮೇಲೇರುವ ಸದ್ದು ಮಾಡಿತು. ಆಮೇಲೆ ಒಂದು ಉದ್ದನೆಯ 'ಬೀಈಈಪ್', ಹಿಂದೆಯೇ ಚಿಕ್ಕ ಚಿಕ್ಕ ಬಿಕ್ಕಳಿಕೆ. ಪರದೆ ಕಪ್ಪಗೇ ಇತ್ತು. ಮತ್ತೆ ಬೀಪ್, ಮತ್ತೆ ಬಿಕ್ಕಳಿಕೆ.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ರಿಸೆಪ್ಷನ್ ಮೇಡಂ.

"ಸಾಹೇಬ್ರೇ, ಹಲ್ಲಿನ ಫೋಟೋ ಒಂದೂ ಬರ್ತಿಲ್ಲ. ಏನ್ ಮಾಡಿದ್ರಿ?"

"ನಾನೇನೂ ಮಾಡಿಲ್ಲಮ್ಮ."

"ಮಾಡಿಲ್ದೇ ಹೋದ್ರೆ ಅದ್ಯಾಕೆ ಹಾಗೆ ಕಿರುಚ್ತಿದೆ? ಇಲ್ಲಿವರೆಗೂ ಕೇಳಿಸ್ತಿದೆ. ಹೊರಗೆ ಜನ ತಮ್ಮ ಹಲ್ಲು ಕೀಳೋ ಮೆಷೀನು ಅಂದ್ಕೊಂಡು ಎದ್ದು ಹೋಗ್ತಿದಾರೆ."

ಸಾಹೇಬರಿಗೆ ಅಂದು ಅರ್ಧ ದಿನದ ರಜೆ ಮಂಜೂರಾಗಿತ್ತು. ತಾಯಿಯನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಬೇಕಿತ್ತು. ಹಳೇ ಕನ್ನಡಕದಲ್ಲಿ ಆಕೆಗೆ ಮಗನೂ ಬಾಗಿಲ ಪರದೆಯೂ ಒಂದೇ ಥರ ಕಾಣುತ್ತಿದ್ದರು. ಎರಡು ಸಲ ಮುಂದಕ್ಕೆ ಹಾಕಿದ್ದಾಗಿತ್ತು, ಇವತ್ತು ತಪ್ಪಿಸುವಂತಿರಲಿಲ್ಲ.

ಮೊದಲು ಬಂದವರು ಸೆಟ್ಟಪ್ಪ. ಅವರು ಪಕ್ಕದ ಕೋಣೆಯಲ್ಲಿ ಹಲ್ಲುಸೆಟ್ಟು ತಯಾರಿಸುವವರು. ಕೈಯಲ್ಲಿ ಯಾರದೋ ಕೆಳದವಡೆ ಹಿಡಿದುಕೊಂಡೇ ಬಂದರು.

"ಧೂಳು ಕಣ್ರೀ. ಊದಿ, ಹೋಗುತ್ತೆ."

"ಮುಚ್ಚಳ ಮುಚ್ಚಿದೆಯಲ್ಲ, ಎಲ್ಲಿಂದ ಊದ್ಲಿ?"

"ಹಿಂದ್ಗಡೆಯಿಂದ ಊದಿ."

ಸಾಹೇಬರು ಬಗ್ಗಿ ಹಿಂದಿನಿಂದ ಊದಿದರು. ವರ್ಷಾನುಗಟ್ಟಲೆ ಕೂಡಿಟ್ಟಿದ್ದ ಧೂಳನ್ನೆಲ್ಲ ಯಂತ್ರ ಒಂದೇ ಸಲಕ್ಕೆ ಅವರ ಮುಖಕ್ಕೆ ಒಪ್ಪಿಸಿತು. ಅವರು ಸೀನುತ್ತಿರುವಾಗಲೇ ದೊಡ್ಡ ಡಾಕ್ಟರು ಒಳಗೆ ಬಂದರು. ಆಸ್ಪತ್ರೆಯ ಮುಖ್ಯಸ್ಥರು ಅವರು. ಹಣೆಯ ಮೇಲೆ ದೀಪ, ಕೊರಳಲ್ಲಿ ಇಳಿಬಿದ್ದ ಮಾಸ್ಕು.

"ಎಲ್ಲಿ, ಬಾಯಿ ತೆಗೆಸಿ ನೋಡೋಣ."

ಸಾಹೇಬರು ತಿರುಪು ಬಿಚ್ಚಿ ಪಕ್ಕದ ಮುಚ್ಚಳ ತೆಗೆದರು. ಡಾಕ್ಟರು ಹಣೆಯ ದೀಪ ಹಾಕಿಕೊಂಡು, ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಯಂತ್ರದ ಸಂದಿಗೆ ಹಾಕಿದರು. ತುಟಿ ಕಚ್ಚಿದರು.

"ನೋಡ್ರೀ ಎಷ್ಟು ಕೊಳೆ! ದಿನಾ ಕ್ಲೀನ್ ಮಾಡ್ಬೇಕು ಅಂತ ಯಾರೂ ಹೇಳ್ಲಿಲ್ವಾ ನಿಮ್ಗೆ?"

"ಇಲ್ಲ ಸರ್," ಎಂದರು ಸಾಹೇಬರು, ತಮ್ಮ ಹಲ್ಲಿನ ಬಗ್ಗೆಯೇ ಕೇಳಿದ್ದಾರೇನೋ ಎಂಬಂತೆ ಬಾಯಿ ಮುಚ್ಚಿಕೊಂಡು.

"ಆನ್ ಮಾಡಿ."

ಗುಂಡಿ ಅದುಮಿದರು. ಈಗ ಬೀಪ್ ಸಹ ಬರಲಿಲ್ಲ. ಮುಚ್ಚಳ ತೆರೆದಿದ್ದರೆ ಏಳುವುದಿಲ್ಲ ಎಂಬುದು ಆ ಯಂತ್ರದ ಹಠ. ಮುಚ್ಚಿದರೆ ಕಿರುಚುತ್ತದೆ, ಒಳಗೇನಾಗಿದೆ ಕಾಣುವುದಿಲ್ಲ. ತೆಗೆದರೆ ಎಲ್ಲ ಕಾಣುತ್ತದೆ, ಯಂತ್ರ ಮಾತೇ ಆಡುವುದಿಲ್ಲ. ಮನೆಯಲ್ಲಿ ಹೆಂಡತಿ ಮುನಿಸಿಕೊಂಡಾಗಲೂ ಹೀಗೇ ಆಗುತ್ತಿತ್ತಾದ್ದರಿಂದ ಸಾಹೇಬರಿಗೆ ಇದು ಹೊಸದೆನಿಸಲಿಲ್ಲ. ತೆಗೆದು, ಮುಟ್ಟಿ, ಮುಚ್ಚಿ, ಗುಂಡಿ ಒತ್ತಿ, ಕೇಳಿ, ಮತ್ತೆ ತಿರುಪು ಬಿಚ್ಚಿ, ಬೆಳಗಿನ ಹೊತ್ತೆಲ್ಲ ಹೀಗೇ ಸವೆಯಿತು.

ಅಷ್ಟರಲ್ಲಿ ಹೆಂಡತಿಯ ಫೋನು. "ಏನ್ರೀ, ಹೊರಟ್ರಾ? ಅತ್ತೆ ಆಗ್ಲೇ ಚಪ್ಪಲಿ ಮೆಟ್ಕೊಂಡು ಬಾಗ್ಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದಾರೆ."

"ಇನ್ನೇನು, ಒಂದ್ ಸ್ವಲ್ಪ."

"ಹಿಂದೆ ಅದೇನು ಕಿರುಚ್ತಿರೋದು? ಯಾರ್ದೋ ಹಲ್ಲು ಕೀಳ್ತಿದಾರಾ?"

"ಇನ್ನೂ ಇಲ್ಲ."

ಯಂತ್ರ ಮಾಡಿದ ಕಂಪನಿಗೆ ಫೋನು ಮಾಡಿ ನೋಡಿ ಎಂದು ಡಾಕ್ಟರು ಸೂಚಿಸಿದರು. ಆ ಕಡೆಯ ಹುಡುಗಿ ಬಹಳ ವಿನಯದಿಂದ ಮಾಡೆಲ್ ಯಾವುದೆಂದು ಕೇಳಿದಳು. ಸಾಹೇಬರು ಯಂತ್ರದ ಮೈಮೇಲಿದ್ದ ಚೀಟಿ ಓದಿ ಹೇಳಿದರು.

"ಅದು ಇನ್ನೂ ಓಡ್ತಿದೆಯಾ ಸರ್?"

"ಓಡ್ತಿಲ್ಲಮ್ಮ, ಅದಕ್ಕೇ ಫೋನ್ ಮಾಡಿದ್ದು."

"ಅಲ್ಲ ಸರ್, ನಿನ್ನೆವರ್ಗೂ ಓಡ್ತಿತ್ತಾ? ಒಂದ್ ನಿಮಿಷ ಇರಿ, ನಮ್ಮೋರಿಗೆಲ್ಲಾ ಹೇಳ್ಬೇಕು."

ಆ ಕಡೆ ನಾಲ್ಕಾರು ಜನ ಒಟ್ಟಿಗೆ ನಕ್ಕ ಸದ್ದು ಕೇಳಿಸಿತು. ಸಾಹೇಬರು ಫೋನನ್ನು ಮೆಲ್ಲಗೆ ಇಟ್ಟರು. ಅವರಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಬೇಕಾದ ಶಕ್ತಿಯೆಲ್ಲ ತಿರುಪು ಬಿಚ್ಚುವುದರಲ್ಲೇ ಮುಗಿದಿತ್ತು.

ಆಗ ಬಾಗಿಲಲ್ಲಿ ಒಬ್ಬ ಮೇಷ್ಟರು ಕಾಣಿಸಿಕೊಂಡರು. ಹಲ್ಲು ಕೀಳಿಸಿಕೊಳ್ಳಲು ಬಂದು, ಚುಚ್ಚುಮದ್ದೂ ಆಗಿ, ಬಾಯಿ ಪೂರ್ತಿ ಮರಗಟ್ಟಿದ ಮೇಲೆ ಫೋಟೋ ಇಲ್ಲವೆಂದು ಕುರ್ಚಿಯಲ್ಲೇ ಕೂತಿದ್ದವರು. ಕತ್ತಿಗೆ ಕಟ್ಟಿದ್ದ ಬಟ್ಟೆ ಹಾಗೇ ಇತ್ತು. ತಾಳ್ಮೆ ತೀರಿ, ಡಾಕ್ಟರನ್ನು ಹುಡುಕಿಕೊಂಡು ಬಂದಿದ್ದರು.

"ಎಲಗಲೇಲು ಕೀಲಿ!" ಎಂದರು ಮೇಷ್ಟರು, ಜೋಲುತ್ತಿದ್ದ ತುಟಿಯನ್ನು ಕೈಯಲ್ಲಿ ಎತ್ತಿ ಹಿಡಿದು.

"ಏನಂತೆ?" ಎಂದರು ಸೆಟ್ಟಪ್ಪ.

"ಎಲಗಲೇಲು! ಕೀಲಿ!"

ಡಾಕ್ಟರಿಗೆ ಇಂಥ ಭಾಷೆ ಚೆನ್ನಾಗಿ ಅರ್ಥವಾಗುತ್ತಿತ್ತು. "ಎಡಗಡೇದು ಕೀಳಿ ಅಂತಿದಾರೆ." ಅವರ ದೃಷ್ಟಿ ತೆರೆದ ಯಂತ್ರದ ಒಳಗೆ ಹೋಯಿತು. ಅಲ್ಲಿ ಪಕ್ಕಪಕ್ಕದಲ್ಲಿ ಹಸಿರು ಪಟ್ಟಿಯಂಥ ಎರಡು ಮೆಮೊರಿ ಕಾರ್ಡುಗಳು ನಿಂತಿದ್ದವು. "ಮೇಷ್ಟ್ರೇ, ನಿಮ್ಗೆ ಇದ್ರ ಬಗ್ಗೆ ಗೊತ್ತಾ?"

ಮೇಷ್ಟರು ತಮ್ಮ ಕೆನ್ನೆಯನ್ನು ಜೋರಾಗಿ ತಟ್ಟಿ ತೋರಿಸಿದರು. "ಎಲಗಲೇಲು!"

"ಅಷ್ಟು ಖಂಡಿತವಾಗಿ ಹೇಳ್ತಿದಾರೆ ಅಂದ್ಮೇಲೆ ಕಿತ್ತುಬಿಡಿ ಸಾಹೇಬ್ರೇ."

ಸಾಹೇಬರು ಎಡಗಡೆಯ ಕಾರ್ಡನ್ನು ಕಿತ್ತು, ಮುಚ್ಚಳ ಮುಚ್ಚಿ, ಗುಂಡಿ ಅದುಮಿದರು. ಫ್ಯಾನು ಮೊರೆಯಿತು. ಬೀಪ್ ಇಲ್ಲ! ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಡಾಕ್ಟರು ಮೇಷ್ಟರ ಕೈ ಕುಲುಕಿ, "ನಿಮ್ಮಂಥೋರು ಬೇಕು" ಎಂದರು. ಮೇಷ್ಟರ ಕಣ್ಣಲ್ಲಿ ನೀರು ಬಂತು. ಏಕೆಂದು ಯಾರೂ ಕೇಳಲಿಲ್ಲ.

ಸಂತೋಷ ಹೆಚ್ಚು ಹೊತ್ತು ಬಾಳಲಿಲ್ಲ. ಪರದೆಯ ಮೇಲೆ ಬಂದದ್ದು: ಕೀಬೋರ್ಡ್ ಇಲ್ಲ, ಮುಂದುವರಿಯಲು ಕೀಬೋರ್ಡಿನ ಗುಂಡಿ ಒತ್ತಿ. ಸಾಹೇಬರು ಅದನ್ನು ನಿಧಾನವಾಗಿ ಮತ್ತೊಮ್ಮೆ ಓದಿದರು. ಕಣ್ಣಿನ ಪರೀಕ್ಷೆ ತಮಗೇ ಬೇಕೇನೋ ಎನಿಸಿತು. ರಿಸೆಪ್ಷನ್ನಿನ ಕೀಬೋರ್ಡ್ ಕಿತ್ತು ತಂದರು. ಮೇಡಂ ಹಿಂದೆಯೇ ಬೈಯುತ್ತ ಬಂದರು. ಈಗ ಕೀಬೋರ್ಡ್ ಸಿಕ್ಕಿತು, ತಾರೀಖು ಹೋಯಿತು. ಯಂತ್ರ ತಾನು ಕಾರ್ಖಾನೆಯಿಂದ ಹೊರಬಿದ್ದ ದಿನವೇ ಇವತ್ತು ಎಂದು ನಂಬಿ ಕೂತಿತ್ತು. ಸಾಹೇಬರಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಆಗ ತಲೆಯಲ್ಲಿ ಕೂದಲಿತ್ತು. ತಾರೀಖು ತುಂಬಿಸಿದ ಮೇಲೆ ಕೊನೆಯದಾಗಿ ಇನ್ನೊಂದು ಸಾಲು ಬಂತು: ಡಿಸ್ಕ್ ಒಂದೂ ಸಿಗಲಿಲ್ಲ.

ಊರಿನ ಹಲ್ಲುಗಳೆಲ್ಲ ಇದ್ದದ್ದು ಆ ಡಿಸ್ಕಿನಲ್ಲಿ.

"ಬಾಯಿ ಇದೆ, ಹಲ್ಲೇ ಇಲ್ಲ," ಎಂದು ಡಾಕ್ಟರು ಷರಾ ಬರೆದಂತೆ ಹೇಳಿ, ಮೇಷ್ಟರನ್ನು ಕರೆದುಕೊಂಡು ಹೊರಟುಹೋದರು. ಸೆಟ್ಟಪ್ಪನೂ ದವಡೆ ಎತ್ತಿಕೊಂಡು ಹೋದರು.

ಊಟದ ಹೊತ್ತು ದಾಟಿದ ಮೇಲೆ ಮೇಡಂ ಬಾಗಿಲಿಂದಲೇ ಇಣುಕಿದರು. "ಸಾಹೇಬ್ರೇ, ಇನ್ನು ಅದನ್ನ ಮುಟ್ಬೇಡಿ, ಕೈ ಬಿಡಿ ಅಂದ್ರು ಡಾಕ್ಟ್ರು. ಅಷ್ಟೇ ಅಲ್ಲ..." ಅಷ್ಟರಲ್ಲಿ ಆಚೆ ಫೋನು ಬಡಿದುಕೊಂಡಿತು, ಆಕೆ ಓಡಿದರು.

ಕೈ ಬಿಡಿ! ಆ ಮಾತು ಸಾಹೇಬರ ಎದೆಗೆ ನಾಟಿತು. ಇಷ್ಟು ವರ್ಷ ಈ ಡಬ್ಬದ ಪಕ್ಕ ಕೂತು ಇದರ ಗೊರಕೆ ಕೇಳಿದವನು ನಾನು. ಬೇಸಗೆಯಲ್ಲಿ ನನ್ನ ಮೇಜಿನ ಫ್ಯಾನನ್ನು ಇದರ ಕಡೆಗೆ ತಿರುಗಿಸಿ ನಾನು ಬೆವರಿದ್ದೇನೆ. ಈಗ ಕೈಲಾಗದವನು ಅಂತ ಹೇಳಿ ಕಳಿಸುತ್ತಾರೆಯೆ? ಅವರ ಬದುಕಿನಲ್ಲಿ ಛಲ ಎಂಬುದು ಅಪರೂಪಕ್ಕೆ ಬರುವ ನೆಂಟ. ಅವತ್ತು ಬಂತು.

ಮನೆಗೆ ಫೋನು ಮಾಡಿ, "ಅಮ್ಮಂಗೆ ನಾಳೆ ಹೋಗೋಣ ಅಂತ ಹೇಳು" ಎಂದರು.

"ನೀವೇ ಹೇಳ್ಕೊಳ್ಳಿ."

ಫೋನು ಕೈ ಬದಲಾಯಿಸಿತು. "ಅಮ್ಮಾ, ಇವತ್ತು ಸ್ವಲ್ಪ..."

"ಆಯ್ತಪ್ಪ," ಎಂದಳು ತಾಯಿ. "ಚಪ್ಪಲಿ ಬಿಡ್ತೀನಿ."

ಆ ಮಾತು ಬೈಗುಳಕ್ಕಿಂತ ಭಾರವಾಗಿತ್ತು. ಸಾಹೇಬರು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ನೆಲದ ಮೇಲೆ ಕೂತರು. ಒಳಗಿನ ಒಂದೊಂದು ತಂತಿಯನ್ನೂ ಬೆರಳಿನಿಂದ ಸವರಿಕೊಂಡು ಹೋದರು. ಡಿಸ್ಕುಗಳಿಂದ ಹೊರಟ ಚಪ್ಪಟೆ ತಂತಿ ಒಂದು ಕಾರ್ಡಿಗೆ ಸೇರುತ್ತಿತ್ತು. ಬೆಳಿಗ್ಗೆ ಯಂತ್ರ ಸರಿಸಿದಾಗ ಆ ಕಾರ್ಡೇ ಒಂದು ಕಡೆ ಎದ್ದು ನಿಂತಿತ್ತು. ಹೊರಗೆ ತೆಗೆದು, ಅದರ ಹೊಳೆಯುವ ಅಂಚನ್ನು ರಬ್ಬರಿನಿಂದ ಉಜ್ಜಿ, 'ಟಕ್' ಎನ್ನುವವರೆಗೂ ಒತ್ತಿ ಕೂರಿಸಿದರು. ತಾರೀಖು ಮರೆಯುತ್ತಿದ್ದುದು ಒಳಗಿನ ಗುಂಡು ಬ್ಯಾಟರಿ ಸತ್ತದ್ದರಿಂದ. ಸೆಟ್ಟಪ್ಪ ಪುಡಿ ತೂಗುವ ಪುಟ್ಟ ತಕ್ಕಡಿಯಲ್ಲಿ ಅಂಥದ್ದೇ ಬ್ಯಾಟರಿ ಇತ್ತು. ಸೆಟ್ಟಪ್ಪ ಚಹಾಕ್ಕೆ ಹೋದ ಹೊತ್ತು ನೋಡಿ ಸಾಹೇಬರು ಹೊರಗೆ ಹೋಗಿ, ಅದನ್ನು ಜೇಬಿಗೆ ಸೇರಿಸಿಕೊಂಡು ಬಂದು ಮತ್ತೆ ಚಿಲಕ ಹಾಕಿದರು. ಕೊನೆಗೆ ಮುಚ್ಚಳ ಮುಚ್ಚಿ, ಯಂತ್ರದ ಸೆಟ್ಟಿಂಗಿನ ನೀಲಿ ಪರದೆಗೆ ಹೋಗಿ, ಮೊದಲು ಎಲ್ಲಿ ಹುಡುಕಬೇಕು ಎಂಬಲ್ಲಿ ಡಿಸ್ಕನ್ನು ಮೇಲಕ್ಕೆ ತಂದು ಕೂರಿಸಿದರು.

ಗುಂಡಿ ಅದುಮಿ ಕಣ್ಣು ಮುಚ್ಚಿಕೊಂಡರು. ಮೊರೆತ. ಮೌನ. ಆಮೇಲೆ ಡಿಸ್ಕುಗಳು ಹುರಿಗಡಲೆ ಜಗಿದಂತೆ ಕಟಕಟ ಎಂದವು. ಕಣ್ಣು ತೆರೆದರೆ ಪರದೆಯ ಮೇಲೆ ಊರಿನ ದವಡೆಗಳೆಲ್ಲ ಸಾಲಾಗಿ ನಗುತ್ತಿದ್ದವು.

ಸಾಹೇಬರು ಚಿಲಕ ತೆಗೆದು ಕಾರಿಡಾರಿನಲ್ಲಿ ನಿಂತು ಕೂಗಿದರು: "ಬಂತು! ಹಲ್ಲು ಬಂತು!"

ಕಾಯುತ್ತಿದ್ದವರೆಲ್ಲ ಎದ್ದುನಿಂತರು. ಮದ್ದಿನ ಅಮಲು ಇಳಿದು ನೋವಿನಲ್ಲಿ ಒದ್ದಾಡುತ್ತಿದ್ದ ಮೇಷ್ಟರು, "ಎಡಗಡೇದು ಕೀಳ್ರಪ್ಪಾ!" ಎಂದು ಅಂದಿನ ಮೊದಲ ಸ್ಪಷ್ಟ ಮಾತು ಆಡಿದರು.

ಸರಿಯಾಗಿ ಆ ಹೊತ್ತಿಗೆ ಮುಂಬಾಗಿಲಿನಿಂದ ದೊಡ್ಡ ಡಾಕ್ಟರು ಬರುತ್ತಿದ್ದರು. ಜೊತೆಗೆ ಬಗಲಲ್ಲಿ ಚೀಲ ತೂಗಿಸಿಕೊಂಡಿದ್ದ, ಹುಬ್ಬು ಗಂಟಿಕ್ಕಿದ ಒಬ್ಬ ಅಧಿಕಾರಿ. ಡಾಕ್ಟರು ದಾರಿಯುದ್ದಕ್ಕೂ ಸಾವಿನ ಮನೆಗೆ ಕರೆದೊಯ್ಯುವವರ ದನಿಯಲ್ಲಿ ಹೇಳುತ್ತಿದ್ದರು: "ಪೂರ್ತಿ ಹೋಗಿದೆ ಸರ್. ಇನ್ನು ಏಳೋ ಮಾತೇ ಇಲ್ಲ. ನೀವು ಕಣ್ಣಾರೆ ನೋಡಿಬಿಟ್ರೆ ಹೊಸದು ಕೊಡಿಸೋಕೆ..."

ಅಷ್ಟರಲ್ಲಿ ಉಗ್ರಾಣದ ಮೊರೆತ ಅವರ ಕಿವಿಗೆ ಬಿತ್ತು. ಡಾಕ್ಟರು ನಿಂತ ಕಡೆಯೇ ಕಲ್ಲಾದರು.

ಮೇಡಂ ಸಾಹೇಬರ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಅಯ್ಯೋ, ಹೇಳೋಷ್ಟರಲ್ಲಿ ಫೋನ್ ಬಂತು. ಹೆಡ್ಡಾಫೀಸಿಂದ ನೋಡೋಕೆ ಬರ್ತಿದಾರೆ, ಕೆಟ್ಟಿದೆ ಅಂತ ಅವ್ರು ಒಪ್ಪಿದ್ರೆ ನಾಳೇನೇ ಹೊಸಾ ಸರ್ವರ್, ನೋಡ್ಕೊಳ್ಳೋಕೆ ಬೇರೆ ಆಳು. ಅಲ್ಲಿವರ್ಗೂ ಮುಟ್ಬೇಡಿ ಅಂತ ಅಂದಿದ್ರು."

ಸಾಹೇಬರ ಕೈಯಲ್ಲಿದ್ದ ತಿರುಪುಳಿ ಜಾರಿ ನೆಲಕ್ಕೆ ಬಿತ್ತು.

"ಇದು ಓಡ್ತಿದೆಯಲ್ರೀ!" ಎಂದರು ಅಧಿಕಾರಿ.

"ಈಗ ಓಡ್ತಿರ್ಬಹುದು ಸರ್," ಎಂದರು ಡಾಕ್ಟರು ಸಾವರಿಸಿಕೊಂಡು. "ಆಫ್ ಮಾಡಿದ್ರೆ ಮತ್ತೆ ಏಳಲ್ಲ. ಅಲ್ವಾ ಸಾಹೇಬ್ರೇ?"

"ಏಳಲ್ಲ ಸರ್," ಎಂದರು ಸಾಹೇಬರು ತುಂಬು ಹೃದಯದಿಂದ.

"ಮಾಡಿ ನೋಡೋಣ."

ಸಾಹೇಬರು ಆರಿಸಿದರು. ಮತ್ತೆ ಗುಂಡಿ ಅದುಮುವಾಗ, ದಿನವಿಡೀ ಏಳು ಎಂದು ಬೇಡಿಕೊಂಡ ಅದೇ ಬಾಯಿಯಿಂದ, ಏಳಬೇಡವೋ ಮಾರಾಯ ಎಂದು ಬೇಡಿಕೊಂಡರು. ಯಂತ್ರ ಒಂದೇ ಒಂದು ಬೀಪ್ ಮಾಡಲಿಲ್ಲ. ಕೀಬೋರ್ಡ್ ಕಂಡಿತು, ತಾರೀಖು ನೆನಪಿತ್ತು, ಡಿಸ್ಕುಗಳು ಹಾಜರಿ ಹೇಳಿದವು. ಅಷ್ಟು ಚುರುಕಾಗಿ ಅದು ಹುಟ್ಟಿದಾರಭ್ಯ ಎದ್ದಿರಲಿಲ್ಲ.

"ಇದನ್ನ ರಿಪೇರಿ ಮಾಡಿದ್ಯಾರು?"

ಅಲ್ಲಿದ್ದವರೆಲ್ಲ ಸಾಹೇಬರ ಕಡೆ ಕೈ ತೋರಿಸಿದರು. ಸೆಟ್ಟಪ್ಪ, "ನನ್ನ ಬ್ಯಾಟರಿ ಹಾಕಿ!" ಎಂದು ಸೇರಿಸಿದರು. ಅಧಿಕಾರಿಯ ಹುಬ್ಬಿನ ಗಂಟು ಮೊದಲ ಸಲ ಸಡಿಲವಾಯಿತು. ಅವರು ಸಾಹೇಬರ ಧೂಳು ಹಿಡಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೆಳಿಗ್ಗೆಯಿಂದ ಶಾಖೆ ಶಾಖೆ ಸುತ್ತುತಾ ಇದೀನಿ. ಎಲ್ಲಾ ಕಡೆ ಸತ್ತೋಯ್ತು, ಹೊಸದು ಕೊಡಿ ಅನ್ನೋರೇ. ಒಬ್ರೂ ಮುಚ್ಚಳ ತೆಗೆದು ನೋಡಿಲ್ಲ. ಇಂಥದ್ದೇ ಹಳೇ ಮೆಷೀನುಗಳು ನನ್ನ ವ್ಯಾನಿನ ತುಂಬಾ ಇವೆ, ಗುಜರಿಗೆ ಹಾಕೋಣಾಂತ ಹೊರಟಿದ್ದೆ. ಸದ್ಯ, ನೀವು ಸಿಕ್ಕಿದ್ರಿ. ಎಲ್ಲಿ ಇಳಿಸ್ಲಿ?"

ಸಾಹೇಬರು ಡಾಕ್ಟರ ಮುಖ ನೋಡಿದರು. ಡಾಕ್ಟರು ಹಣೆಯ ದೀಪ ಆರಿಸಿ, ಹಲ್ಲು ಕಚ್ಚಿಕೊಂಡೇ ನಕ್ಕರು. "ಉಗ್ರಾಣದಲ್ಲೇ ಇಳಿಸಿ ಸರ್. ನಮ್ಮ ಸಾಹೇಬ್ರಿಗೆ ಇವು ಅಂದ್ರೆ ಪ್ರಾಣ."

ಹೊರಗೆ ಬೆಳಕು ಮಾಸುತ್ತಿತ್ತು. ವ್ಯಾನಿನ ಡ್ರೈವರು ಮೊದಲನೆಯದನ್ನು ಎಳೆದು ಅಂಚಿಗೆ ತಂದ. ಸಾಹೇಬರು ಸೊಂಟ ಬಗ್ಗಿಸಿ ಈ ಕಡೆಯ ತುದಿ ಹಿಡಿದರು.

"ಹುಷಾರು ಸಾರ್," ಎಂದ ಡ್ರೈವರು, "ಒಳಗೇನೋ ಗಲಗಲ ಅಂತಿದೆ."